ಭೋಗಿಯ ತಾಟು, ಸಂಕ್ರಮಣದ ಕಲ್ಲು

ಧಾರವಾಡ

ಚಿ. ಮೊಮ್ಮಗಳಿಗೆ,

ಸಂಕ್ರಮಣದ ಬಗ್ಗೆ ಶಾಲೆಯ ಮಕ್ಕಳಿಗೆ ಏನು ಹೇಳಲಿ ಎಂದು ಕೇಳಿದ್ದೀ. ಸೂರ್ಯ ಮಕರ ರಾಶಿಗೆ ಬಂದ, ಎಳ್ಳು-ಬೆಲ್ಲ ಹಂಚಿದೆವು ಎಂದು ಎರಡು ಸಾಲು ಬರೆಸಿ ಮುಗಿಸಬೇಡ ತಂಗೀ.

ಸಂಕ್ರಮಣದ ಹಿಂದಿನ ದಿನದ ಭೋಗಿಯ ತಾಟಿನಿಂದ ಶುರುಮಾಡು. ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಸಜ್ಜಿ, ಎಳ್ಳು, ಶೇಂಗಾ ಮೂರೂ ಮುಂಗಾರಿ ಪೀಕು. ಅಷ್ಟೊತ್ತಿಗೆ ಮನೆ ಸೇರಿರುತ್ತವೆ. ನವಲಗುಂದದ ಕಡೆ ಎರೆಹೊಲದಲ್ಲಿ ಬಿಳಿಜೋಳ ಇನ್ನೂ ಸೀತನಿಯ, ಅಂದರೆ ಎಳೆ ತೆನೆಯ, ಹದದಲ್ಲಿರುತ್ತದೆ. ಸುಗ್ಗಿ ಅಂದರೆ ಒಂದೇ ದಿನದ ಕೊಯ್ಲಲ್ಲ ಎಂಬುದು ಹುಬ್ಬಳ್ಳಿ ಪೇಟೆಯ ಮಕ್ಕಳಿಗೆ ತಿಳಿಯಲಿ. ಎಳ್ಳು ಹರಪ್ಪದ ಉತ್ಖನನದಲ್ಲೂ ಸಿಕ್ಕಿದೆ. ಶೇಂಗಾದ ತವರು ದಕ್ಷಿಣ ಅಮೆರಿಕ, ನಮ್ಮ ನೆಲಕ್ಕೆ ಅದು ಬಂದು ಕೆಲವೇ ಶತಮಾನ. ಎರಡೂ ಒಂದೇ ತಾಟಿನಲ್ಲಿ ಕೂತಿವೆ ನೋಡು!

ಆಮೇಲೆ ಕಲ್ಲು. ನಮ್ಮ ಸೀಮೆಯ ಶಾಸನಗಳಲ್ಲಿ ‘ಉತ್ತರಾಯಣ ಸಂಕ್ರಾಂತಿ’ ಮತ್ತೆ ಮತ್ತೆ ಬರುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಗುಡಿಗೆ, ಕೆರೆಗೆ, ಓದುವ ಹುಡುಗರ ಊಟಕ್ಕೆ ಭೂಮಿ ಬಿಡಲು ಇದು ಪುಣ್ಯದಿನ. ಎಷ್ಟು ಮತ್ತರು ಭೂಮಿ, ಅದರ ಗಡಿ ಯಾವುದು ಎಂದು ಕೊರೆಸಿ, ಮೇಲೆ ಸೂರ್ಯ-ಚಂದ್ರ, ಆಕಳು-ಕರು ಕೆತ್ತಿಸುತ್ತಿದ್ದರು. ನನಗೆ ಹಬ್ಬದ ಇತಿಹಾಸದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು: ಬೆಳೆ ಬಂದ ಹೊತ್ತಿನಲ್ಲಿ ಊರಿಗಾಗಿ ನೆಲ ಬಿಟ್ಟುಕೊಟ್ಟವರ ಲೆಕ್ಕ ಅದು. ಮಕ್ಕಳು ಆ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಬೇಕು.

ಜಾಣ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ: ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕಲ್ಲವೇ? ಹೌದು. ಸುಮಾರು 1,700 ವರ್ಷದ ಹಿಂದೆ ಸಂಕ್ರಮಣವೂ ಉತ್ತರಾಯಣವೂ ಕೂಡಿಯೇ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ಓಲಾಡುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಅಂತರ ಬೀಳುತ್ತ, ಹಬ್ಬ ಜನವರಿ 14-15ಕ್ಕೆ ಬಂದಿದೆ. ಪುಸ್ತಕ ಬೇಡ, ಶಾಲೆಯ ಬಯಲಲ್ಲಿ ಕೋಲು ನೆಟ್ಟು, ಡಿಸೆಂಬರ್ 22ರಿಂದ ವಾರಕ್ಕೊಮ್ಮೆ ನಡುಮಧ್ಯಾಹ್ನದ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿಸು. ನೆರಳು ಗಿಡ್ಡಾಗುತ್ತ ಬರುವುದನ್ನು ಅವರೇ ಕಂಡುಹಿಡಿಯಲಿ.

ಪೊಂಗಲ್, ಮಾಘ ಬಿಹು, ಲೋಹ್ರಿಯ ಹೆಸರನ್ನೂ ಹೇಳು, ದೇಶವೆಲ್ಲ ಹಬ್ಬ ಮಾಡುವ ಹೊತ್ತದು. ಅದಕ್ಕಿಂತ ಮೊದಲು ಮಕ್ಕಳಿಗೆ ಒಂದು ಕೆಲಸ ಕೊಡು. ಮನೆಯ ಅಜ್ಜಿ, ಅಮ್ಮಂದಿರನ್ನು ಕೇಳಿಕೊಂಡು ಬರಲಿ: ನೀವು ಸಣ್ಣವರಿದ್ದಾಗ ಭೋಗಿಯ ಎಳ್ಳು ಹೊಲದಿಂದ ಬರುತ್ತಿತ್ತೋ, ಅಂಗಡಿಯಿಂದಲೋ? ಕುಸುರೆಳ್ಳನ್ನು ಮನೆಯಲ್ಲೇ ಪಾಕ ಬಿಟ್ಟು ಮಾಡುತ್ತಿದ್ದಿರೋ? ಮಕ್ಕಳು ಬರೆದು ತಂದದ್ದನ್ನು ನನಗೂ ಕಳಿಸು, ಕನ್ನಡಕ ಹಾಕಿಕೊಂಡು ಒಂದೊಂದೇ ಓದುತ್ತೇನೆ.

ನಿನ್ನ ಅಜ್ಜ