ಅವಳಿ ಎಂಜಿನ್ ವಿಮಾನ: ಕೊಳ್ಳುವ ಮುನ್ನ ಹೋಲಿಸುವುದು ಹೇಗೆ?

ಮದ್ದೂರಿನ ಬಳಿಯ ವೈದ್ಯನಾಥಪುರದಿಂದ ಬೆಂಗಳೂರಿಗೋ ಮೈಸೂರಿಗೋ ಹೋಗಲು ಸ್ವಂತ ವಿಮಾನ ಬೇಕಿಲ್ಲ. ಮದ್ದೂರಿಗೆ ಬಂದು ಹೆದ್ದಾರಿ ಹಿಡಿದರಾಯಿತು. ಲೆಕ್ಕ ಬದಲಾಗುವುದು ಕಲಬುರಗಿಯಂಥ ದೂರದ ಊರುಗಳಿಗೆ ಪದೇ ಪದೇ ಓಡಾಡುವ ಉದ್ಯಮಿಗಳಿಗೆ. ಎರಡು ಪಿಸ್ಟನ್ ಎಂಜಿನ್‌ಗಳ ಸಣ್ಣ ವಿಮಾನದ ಮೇಲೆ ಕಣ್ಣಿಟ್ಟವರು ಈ ಕ್ರಮದಲ್ಲಿ ಹೋಲಿಸಿ ನೋಡಬಹುದು.

1. ಮೊದಲು ದಾರಿ, ಆಮೇಲೆ ವೇಗ
ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ನೇರ ಹಾರಿದರೆ ಸುಮಾರು 560 ಕಿ.ಮೀ. ತಲಾ 300 ಅಶ್ವಶಕ್ತಿಯ ಎರಡು ಎಂಜಿನ್‌ಗಳಿರುವ ಬೀಚ್‌ಕ್ರಾಫ್ಟ್ ಬ್ಯಾರನ್‌ಗೆ ಇದು ಒಂದೂವರೆ ಗಂಟೆಯ ದಾರಿ. ತಲಾ 100 ಅಶ್ವಶಕ್ತಿಯ ಟೆಕ್ನಾಂ ಪಿ2006ಟಿಗೆ ಎರಡೂಕಾಲು ಗಂಟೆ ಬೇಕು. ಆದರೆ ಬ್ಯಾರನ್ ಈ ಒಂದು ಪ್ರಯಾಣಕ್ಕೆ ಸುಡುವ ಇಂಧನ ಹೆಚ್ಚುಕಡಿಮೆ ಎರಡು ಪಟ್ಟು. ಉಳಿಯುವ ಮುಕ್ಕಾಲು ಗಂಟೆಗೆ ಅಷ್ಟು ಬೆಲೆಯಿದೆಯೇ ಎಂದು ಕೇಳಿಕೊಳ್ಳಿ.

2. ಇಂಧನ ಎಲ್ಲಿ ಸಿಗುತ್ತದೆ?
ಬ್ಯಾರನ್, ಪೈಪರ್ ಸೆನೆಕಾಗಳಿಗೆ ಏವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲ್ ಬೇಕು. ಅದು ಎಲ್ಲ ನಿಲ್ದಾಣಗಳಲ್ಲೂ ಸಿಗದು. ಟೆಕ್ನಾಂನ ರೋಟ್ಯಾಕ್ಸ್ ಎಂಜಿನ್ ಕಾರಿನ ಪೆಟ್ರೋಲನ್ನೂ ಒಪ್ಪುತ್ತದೆ. ಆದರೆ ಎಥನಾಲ್ ಶೇ 10ನ್ನು ಮೀರಬಾರದು. ನಮ್ಮ ಬಂಕ್‌ಗಳಲ್ಲಿ ಈಗ ಶೇ 20ರ ಮಿಶ್ರಣವಿರುವುದರಿಂದ ಆ ಅನುಕೂಲ ಇಲ್ಲಿಲ್ಲ. ಡೈಮಂಡ್ ಡಿಎ42 ದೊಡ್ಡ ವಿಮಾನಗಳು ತುಂಬಿಸಿಕೊಳ್ಳುವ ಜೆಟ್ ಎ-1ರಲ್ಲೇ ಹಾರುತ್ತದೆ.

3. ಒಂದು ಎಂಜಿನ್ ನಿಂತರೆ?
ಎರಡು ಎಂಜಿನ್ ಇದ್ದ ಮಾತ್ರಕ್ಕೆ ಸುರಕ್ಷತೆ ಇಮ್ಮಡಿಯಾಗುವುದಿಲ್ಲ. ಒಂದು ನಿಂತಾಗ ಶಕ್ತಿ ಅರ್ಧವಾದರೂ, ಮೇಲೇರುವ ಸಾಮರ್ಥ್ಯ ಶೇ 80ರಷ್ಟು ಕುಸಿಯಬಹುದು. ವಿಮಾನ ನಿಂತ ಎಂಜಿನ್ ಕಡೆಗೆ ತಿರುಗುತ್ತದೆ. ವೇಗ ತೀರಾ ಇಳಿದರೆ ಹಿಡಿತಕ್ಕೆ ಸಿಗದು. ಮೈಸೂರು ಸೀಮೆಯ ನೆಲವೇ ಎರಡು ಸಾವಿರ ಅಡಿಗೂ ಎತ್ತರ. ಬೇಸಿಗೆಯಲ್ಲಿ ಗಾಳಿ ಇನ್ನೂ ತೆಳು. ಹಾಗಾಗಿ ಕೈಪಿಡಿಯಲ್ಲಿ ಒಂದೇ ಎಂಜಿನ್‌ನಲ್ಲಿ ಏರುವ ವೇಗವನ್ನು ನಿಮ್ಮ ಎತ್ತರ, ಬಿಸಿಲು, ಭಾರಗಳಿಗೆ ಹೊಂದಿಸಿ ನೋಡಿ. ಸೆನೆಕಾದ ಟರ್ಬೊ ನೆರವಾಗುವುದು ಇಲ್ಲಿ.

4. ಸೀಟಲ್ಲ, ತೂಕ ಎಣಿಸಿ
ಬ್ಯಾರನ್, ಸೆನೆಕಾಗಳಲ್ಲಿ ಆರು ಸೀಟು. ಡಿಎ42, ಪಿ2006ಟಿಗಳಲ್ಲಿ ನಾಲ್ಕು. ಟ್ಯಾಂಕ್ ಭರ್ತಿ ಮಾಡಿದರೆ ಎಲ್ಲ ಸೀಟು ತುಂಬಿಸುವುದು ಸಾಮಾನ್ಯವಾಗಿ ಆಗದ ಮಾತು. ಮನೆಮಂದಿ, ಸಾಮಾನು, ಇಂಧನ ಮೂರನ್ನೂ ಕೂಡಿಸಿ ನೋಡಿ.

5. ರಿಪೇರಿ ಯಾರು ಮಾಡುತ್ತಾರೆ?
ಹೊಸೂರಿನ ತನೇಜಾ ಏರೋಸ್ಪೇಸ್ ಹಿಂದೆ ಇಟಲಿಯ ಆರು ಸೀಟಿನ ಪಿ68ಸಿ ಅವಳಿ ಎಂಜಿನ್ ವಿಮಾನವನ್ನು ಇಲ್ಲೇ ತಯಾರಿಸಿತ್ತು. ಅಂಥ ಹಳೆಯ ವಿಮಾನ ಕೊಳ್ಳುವವರು ಬಿಡಿಭಾಗ, ಪರವಾನಗಿ ಪಡೆದ ಎಂಜಿನಿಯರ್ ಎರಡೂ ಸಿಗುತ್ತವೆಯೇ ಎಂದು ಖಚಿತಪಡಿಸಿಕೊಳ್ಳಲಿ. ಓವರ್‌ಹಾಲ್ ಖರ್ಚನ್ನೂ ಎರಡು ಎಂಜಿನ್‌ಗಳಿಗೆ ತೆಗೆದಿಡಬೇಕು.

6. ಲೈಸೆನ್ಸ್
ಖಾಸಗಿ ಪೈಲಟ್ ಲೈಸೆನ್ಸ್ ಒಂದೇ ಸಾಲದು. ಬಹು ಎಂಜಿನ್ ಅರ್ಹತೆ ಬೇಕು. ಮೋಡದೊಳಗೆ ಹಾರಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಕೂಡ ಬೇಕು. ಖಾಸಗಿಯಾಗಿ ನೋಂದಾಯಿಸಿದ ವಿಮಾನದಲ್ಲಿ ಬಾಡಿಗೆಗೆ ಜನರನ್ನು ಕರೆದೊಯ್ಯುವಂತಿಲ್ಲ. ಅಂದರೆ ಖರ್ಚೆಲ್ಲ ನಿಮ್ಮದೇ. ವರ್ಷಕ್ಕೆ ಕೆಲವೇ ಸಲ ಹಾರುವವರಾದರೆ ಪರವಾನಗಿ ಇರುವ ಸಂಸ್ಥೆಯಿಂದ ವಿಮಾನ ಬಾಡಿಗೆಗೆ ಪಡೆಯುವುದೇ ಲಾಭ.