ಎರವಲು ಸಿಗುತ್ತಿದ್ದ ಚಿತ್ರಗಳು

ಜಲವರ್ಣ ಕಲಾವಿದ ಜಾನ್ ಸೆಲ್ ಕಾಟ್‌ಮನ್ 1782ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿದರು. ತಂದೆ ಕ್ಷೌರಿಕರು. ಚಿತ್ರಕಲೆಗಾಗಿ ಹದಿಹರೆಯದಲ್ಲೇ ಲಂಡನ್ನಿಗೆ ಹೋದ ಕಾಟ್‌ಮನ್, 1800ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಚಿತ್ರಗಳನ್ನು ಪ್ರದರ್ಶಿಸಿದರು. ಆಗ ಅವರಿಗೆ ಹದಿನೆಂಟು ವರ್ಷ, ನಮಗಿಂತ ಒಂದೇ ವರ್ಷ ದೊಡ್ಡವರು!

1805ರಲ್ಲಿ ಅವರು ಯಾರ್ಕ್‌ಷೈರಿಗೆ ಹೋಗಿದ್ದರು. ಆ ಪ್ರವಾಸದಿಂದ ಬಂದ ‘ಗ್ರೇಟಾ ಸೇತುವೆ’ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದೇ ಕಮಾನಿನ ಸೇತುವೆ, ಕೆಳಗೆ ಬಂಡೆಗಳು, ನಿಶ್ಚಲವಾದ ನೀರು. ಎಲೆ ಎಲೆಯನ್ನೂ ಬಿಡಿಸುವ ಗೋಜಿಗೆ ಅವರು ಹೋಗಿಲ್ಲ. ತೆಳುವಾದ ಬಣ್ಣವನ್ನು ಸಮನಾಗಿ ಹರಡಿ, ಒಣಗಿದ ಮೇಲೆ ಇನ್ನೊಂದು ಪದರ ಹಾಕುತ್ತಿದ್ದರು. ಈ ವಿಧಾನದಲ್ಲಿ ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು. ತಪ್ಪಾದರೆ ಎಣ್ಣೆಬಣ್ಣದಂತೆ ಮುಚ್ಚಿಬಿಡುವುದು ಸುಲಭವಲ್ಲ.

ಆದರೆ ಕೊಳ್ಳುವವರು ಕಡಿಮೆ. 1806ರಲ್ಲಿ ಊರಿಗೆ ಮರಳಿ ಚಿತ್ರಪಾಠ ಹೇಳತೊಡಗಿದರು. ವಾಣಿಜ್ಯ ಓದುವ ನನಗೆ ಹಿಡಿಸಿದ್ದು ಅವರ ಮುಂದಿನ ಉಪಾಯ. ಚಂದಾ ಕಟ್ಟಿದವರು ಅವರ ಚಿತ್ರಗಳನ್ನು ಲೈಬ್ರರಿ ಪುಸ್ತಕದಂತೆ ಮನೆಗೆ ಒಯ್ದು, ನೋಡಿ ಬರೆದು ಕಲಿಯಬಹುದಿತ್ತು. ಮಾರಾಟವಾಗದ ಸರಕಿನಿಂದಲೂ ಆದಾಯ! ಆದರೂ ದೊಡ್ಡ ಸಂಸಾರಕ್ಕೆ ಅದು ಸಾಲಲಿಲ್ಲ.

1812ರಲ್ಲಿ ಗ್ರೇಟ್ ಯಾರ್ಮೌತ್‌ಗೆ ಹೋಗಿ, ಬ್ಯಾಂಕರ್ ಡಾಸನ್ ಟರ್ನರ್ ಅವರ ಹೆಂಡತಿ, ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಮುಂದೆ ನಾರ್ಮಂಡಿಯ ಹಳೆಯ ಕಟ್ಟಡಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಮುದ್ರಿಸುವುದರಲ್ಲೇ ವರ್ಷಗಳು ಕಳೆದವು. ‘ಗ್ರೇಟಾ ಸೇತುವೆ’ ಬರೆದ ಕೈಗೆ ಅದು ನಷ್ಟವೆಂದೇ ನನ್ನ ಲೆಕ್ಕ. ಮನಸ್ಸಿನ ಖಿನ್ನತೆಯೂ ಅವರನ್ನು ಮತ್ತೆ ಮತ್ತೆ ಕಾಡಿತು.

ಐವತ್ತು ದಾಟಿದ ಮೇಲೆ, 1834ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರ ಖಾಯಂ ಕೆಲಸ ಸಿಕ್ಕಿತು. ಅಲ್ಲಿ ಅವರ ಬಳಿ ಕಲಿತ ಹುಡುಗರಲ್ಲಿ ಮುಂದೆ ಕವಿ, ಚಿತ್ರಕಾರರಾಗಿ ಹೆಸರಾದ ಡಾಂಟೆ ಗೇಬ್ರಿಯಲ್ ರೊಸೆಟ್ಟಿಯೂ ಒಬ್ಬರು. ಕಾಟ್‌ಮನ್ 1842ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡರು.