ವಾಹನದ ಮರೆಯೂ ಗುಂಡಿನ ತಡೆಯೂ

ಮರೆ ಬೇರೆ, ತಡೆ ಬೇರೆ. ರಕ್ಷಣಾ ದಳಗಳ ಬಂದೂಕು ತರಬೇತಿಯಲ್ಲಿ ಆರಂಭದಲ್ಲಿಯೇ ಕಲಿಸಲಾಗುವ ಭೇದವಿದು. ಎದುರಾಳಿಯ ಕಣ್ಣಿಗೆ ಬೀಳದಂತೆ ನಮ್ಮನ್ನು ಅಡಗಿಸುವುದು ಮರೆ. ಅವನು ಹಾರಿಸಿದ ಗುಂಡನ್ನು ನಿಲ್ಲಿಸುವುದು ತಡೆ. ಗಿಡಗಳ ಬೇಲಿ, ಬಟ್ಟೆಯ ಪರದೆ, ತೆಳುಹಲಗೆಯ ಬಾಗಿಲು ಇವು ಮೊದಲನೆಯ ವರ್ಗಕ್ಕೆ ಸೇರಿದವು. ಮಣ್ಣಿನ ದಿಬ್ಬ, ದಪ್ಪ ಕಾಂಕ್ರೀಟಿನ ಕಂಬ, ಮರಳು ಚೀಲಗಳ ಒಡ್ಡು ಇವು ಎರಡನೆಯದಕ್ಕೆ. ಹಿಂದಿಯಲ್ಲಿ ನಡೆಯುವ ತರಬೇತಿಯಲ್ಲಿ ಎರಡಕ್ಕೂ ‘ಆಡ್’ ಎಂಬ ಒಂದೇ ಶಬ್ದವಿದ್ದು, ‘ನಜರೀ ಆಡ್’, ‘ಫಾಯರೀ ಆಡ್’ ಎಂದು ವಿಂಗಡಿಸುವ ರೂಢಿಯಿದೆ. ಸೇನೆ ಹಾಗೂ ಪೊಲೀಸ್ ಪಡೆಗಳಲ್ಲಿ ಸೇವೆ ಸಲ್ಲಿಸಿದ ಕನ್ನಡಿಗರಿಗೆ ಈ ಮಾತುಗಳು ಪರಿಚಿತವಾಗಿರಬಹುದು. ಮೋಟಾರು ವಾಹನವು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಸುವುದು ಪ್ರಸ್ತುತ ಪಾಠದ ಉದ್ದೇಶ.

ಚಲನಚಿತ್ರಗಳು ಈ ವಿಷಯದಲ್ಲಿ ಜನರ ತಿಳಿವಳಿಕೆಯನ್ನು ಬಹುಮಟ್ಟಿಗೆ ಕೆಡಿಸಿವೆ. ನಾಯಕನು ಕಾರಿನ ಬಾಗಿಲನ್ನು ತೆರೆದು, ಅದನ್ನೇ ಗುರಾಣಿಯಾಗಿ ಹಿಡಿದು ಗುಂಡಿನ ಮಳೆಯಲ್ಲಿ ಅಕ್ಷತನಾಗಿ ನಿಲ್ಲುತ್ತಾನೆ. ವಾಸ್ತವದಲ್ಲಿ ಕಾರಿನ ಬಾಗಿಲಿನ ಹೊರತಗಡು ಒಂದು ಮಿಲಿಮೀಟರಿಗಿಂತಲೂ ತೆಳುವಾದ ಉಕ್ಕು. ಅದರ ಒಳಗೆ ಇನ್ನೊಂದು ತಗಡು, ಗಾಜನ್ನು ಏರಿಸಿ ಇಳಿಸುವ ಯಂತ್ರ, ಕೆಲವು ಕಾರುಗಳಲ್ಲಿ ಅಪಘಾತದ ಹೊಡೆತವನ್ನು ತಡೆಯುವ ಒಂದು ಅಡ್ಡಪಟ್ಟಿ ಇರುತ್ತವೆ, ಉಳಿದುದೆಲ್ಲ ಟೊಳ್ಳು. ಎ.ಕೆ. 47 ಬಂದೂಕಿನ ಗುಂಡು ನಳಿಕೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 715 ಮೀಟರ್ ವೇಗದಲ್ಲಿರುತ್ತದೆ. ಇನ್ಸಾಸ್ ಬಂದೂಕಿನದು ಸುಮಾರು 900 ಮೀಟರ್. 9 ಮಿಲಿಮೀಟರ್ ಪಿಸ್ತೂಲಿನ ಗುಂಡಿನ ವೇಗ ಎ.ಕೆ. 47ರ ಗುಂಡಿನ ಅರ್ಧದಷ್ಟು ಮಾತ್ರ. ಈ ಎರಡು ಗುಂಡುಗಳ ತೂಕ ಹೆಚ್ಚುಕಡಿಮೆ ಸಮ, ಅಂದರೆ ಸುಮಾರು 8 ಗ್ರಾಂ. ವೇಗವು ಇಮ್ಮಡಿಯಾದಾಗ ಶಕ್ತಿಯು ನಾಲ್ಮಡಿಯಾಗುತ್ತದೆ ಎಂಬ ಭೌತಶಾಸ್ತ್ರದ ನಿಯಮವನ್ನು ನೆನೆದರೆ, ಪಿಸ್ತೂಲಿನ ಗುಂಡೂ ಅನೇಕ ವೇಳೆ ದಾಟಬಲ್ಲ ಬಾಗಿಲು ಬಂದೂಕಿನ ಗುಂಡಿಗೆ ಕಾಗದಕ್ಕಿಂತ ಹೆಚ್ಚಲ್ಲವೆಂಬುದು ಮನದಟ್ಟಾಗುತ್ತದೆ.

ಇದು ಎಷ್ಟು ದಾರುಣವಾಗಿ ಸತ್ಯವೆಂಬುದನ್ನು ಮುಂಬಯಿ ನಗರವು 2008ರ ನವೆಂಬರ್ 26ರ ರಾತ್ರಿ ಕಂಡಿತು. ಛತ್ರಪತಿ ಶಿವಾಜಿ ಟರ್ಮಿನಸ್ ನಿಲ್ದಾಣದಲ್ಲಿ ಹತ್ಯಾಕಾಂಡವನ್ನು ನಡೆಸಿ, ಕಾಮಾ ಆಸ್ಪತ್ರೆಯನ್ನು ಹೊಕ್ಕು ಹೊರಬಂದ ಇಬ್ಬರು ಭಯೋತ್ಪಾದಕರು ರಂಗಭವನದ ಬಳಿಯ ಓಣಿಯಲ್ಲಿ ಅಡಗಿದ್ದರು. ಅದೇ ಓಣಿಗೆ ಪೊಲೀಸ್ ಕ್ವಾಲಿಸ್ ವಾಹನವೊಂದು ಬಂದಿತು. ಅದರಲ್ಲಿ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಈ ಮೂವರು ಅಧಿಕಾರಿಗಳೂ ಕೆಲವು ಪೇದೆಗಳೂ ಇದ್ದರು. ಎ.ಕೆ. 47ರ ಗುಂಡುಗಳು ವಾಹನದ ತಗಡನ್ನೂ ಗಾಜನ್ನೂ ಭೇದಿಸಿ ಒಳನುಗ್ಗಿದವು. ಒಳಗಿನಿಂದಲೂ ಗುಂಡು ಹಾರಿತು. ಭಯೋತ್ಪಾದಕರಲ್ಲೊಬ್ಬನಾದ ಕಸಬನ ತೋಳಿಗೆ ಗಾಯವಾಯಿತು. ಆದರೆ ಮೂವರು ಅಧಿಕಾರಿಗಳೂ ಅಸುನೀಗಿದರು. ಹಿಂಬದಿಯ ಇಕ್ಕಟ್ಟಿನಲ್ಲಿ ಗಾಯಗೊಂಡು, ತನ್ನ ಆಯುಧವನ್ನು ಎತ್ತಲಾಗದೆ ಬಿದ್ದಿದ್ದ ಪೇದೆಯೊಬ್ಬರು ಬದುಕುಳಿದರು. ಅವರ ಧೈರ್ಯದಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಮೂವರು ಅಧಿಕಾರಿಗಳಿಗೂ 2009ರಲ್ಲಿ ಮರಣೋತ್ತರವಾಗಿ ಅಶೋಕ ಚಕ್ರವನ್ನು ನೀಡಲಾಯಿತು. ಕುಳಿತವರನ್ನು ಒತ್ತಾಗಿ ಹಿಡಿದಿಟ್ಟು, ಕೈಕಾಲು ಆಡಿಸಲೂ ಎಡೆಗೊಡದೆ, ಗುಂಡನ್ನು ಮಾತ್ರ ನಿರಾತಂಕವಾಗಿ ಒಳಬಿಡುವುದು ನಿಂತ ವಾಹನದ ಗುಣ.

ಆದುದರಿಂದ ತರಬೇತಿಯ ಮೊದಲ ಸೂತ್ರವು ಬಂದೂಕಿಗೆ ಸಂಬಂಧಿಸಿದುದೇ ಅಲ್ಲ. ವಾಹನವು ಓಡುವ ಸ್ಥಿತಿಯಲ್ಲಿದ್ದು ದಾರಿ ತೆರವಾಗಿದ್ದರೆ ಓಡಿಸಿಕೊಂಡು ಹೋಗಬೇಕು. ಓಡುವ ವಾಹನವೇ ರಕ್ಷಣೆ, ನಿಂತ ವಾಹನವೇ ಗುರಿ. ದಾರಿ ಕಟ್ಟಿದ್ದರೆ ಅಥವಾ ಯಂತ್ರವು ನಿಂತುಹೋದರೆ ಒಳಗೆ ಕುಳಿತು ಹೋರಾಡದೆ, ಗುಂಡು ಬರುವ ದಿಕ್ಕಿಗೆ ವಿರುದ್ಧವಾದ ಬದಿಯಿಂದ ತಕ್ಷಣ ಹೊರಬರಬೇಕು. ಹೇಳಲು ಸುಲಭವಾದ ಈ ಕ್ರಿಯೆಯನ್ನು ಅಭ್ಯಾಸದಲ್ಲಿ ಹತ್ತಾರು ಬಾರಿ ಮಾಡಿಸುತ್ತಾರೆ. ಸೀಟು ಪಟ್ಟಿಯನ್ನು ಬಿಚ್ಚಲು ಮರೆಯುವವರು, ಬಂದೂಕಿನ ತೂಗುಪಟ್ಟಿಯನ್ನು ಗೇರಿನ ಹಿಡಿಗೆ ಸಿಕ್ಕಿಸಿಕೊಳ್ಳುವವರು, ಇಳಿಯುವ ಆತುರದಲ್ಲಿ ನಳಿಕೆಯನ್ನು ಜೊತೆಗಾರನ ಬೆನ್ನಿಗೆ ತಿರುಗಿಸುವವರು ಪ್ರತಿ ತಂಡದಲ್ಲಿಯೂ ಇರುತ್ತಾರೆ. ಈ ಕಾರಣದಿಂದಲೇ ಆರಂಭದ ಅಭ್ಯಾಸವನ್ನು ಖಾಲಿ ಬಂದೂಕಿನಿಂದ, ಅದು ಖಾಲಿಯೆಂದು ಇಬ್ಬರು ಪರೀಕ್ಷಿಸಿದ ಅನಂತರವೇ, ನಡೆಸತಕ್ಕದ್ದು.

ಹೊರಬಂದವನು ಎಲ್ಲಿ ನಿಲ್ಲಬೇಕು? ವಾಹನದಲ್ಲಿ ಬಂದೂಕಿನ ಗುಂಡನ್ನು ತಡೆಯುವ ಭರವಸೆಯಿರುವ ಭಾಗಗಳು ಎರಡೇ. ಒಂದು, ಎರಕದ ಲೋಹದ ಯಂತ್ರ. ಇನ್ನೊಂದು, ಚಕ್ರದ ಉಕ್ಕಿನ ರಿಮ್ಮು ಮತ್ತು ಅದರ ಹಿಂದಿರುವ ಬ್ರೇಕು ಹಾಗೂ ಅಚ್ಚುಗಳ ಜೋಡಣೆ. ಸಾಮಾನ್ಯ ಕಾರಿನಲ್ಲಿ ಇವೆರಡೂ ಒಂದೇ ಕಡೆ ಒದಗುವ ಸ್ಥಳ ಮುಂದಿನ ಚಕ್ರದ ಹಿಂಭಾಗ. ಅಲ್ಲಿ ಮೊಣಕಾಲೂರಿ ಕುಳಿತರೆ ದೇಹವು ಯಂತ್ರದ ಮರೆಗೂ ಕಾಲುಗಳು ಚಕ್ರದ ಮರೆಗೂ ಬರುತ್ತವೆ. ಆದರೆ ಎಲ್ಲ ವಾಹನಗಳ ಯಂತ್ರವೂ ಮುಂದೆಯೇ ಇರುತ್ತದೆಂದು ಭಾವಿಸಲಾಗದು. ಮಾರುತಿ ಓಮ್ನಿಯ ಯಂತ್ರವು ಮುಂದಿನ ಆಸನಗಳ ಕೆಳಗಿದ್ದಿತು. ಟಾಟಾ ನ್ಯಾನೋದ್ದು ಹಿಂಬದಿಯಲ್ಲಿದ್ದಿತು. ನಗರಗಳ ತಗ್ಗುನೆಲದ ಬಸ್ಸುಗಳಲ್ಲಿ ಯಂತ್ರ ಹಿಂದಿರುತ್ತದೆ. ವಿದ್ಯುತ್ ಕಾರುಗಳಲ್ಲಿ ಆ ಬಗೆಯ ಭಾರಿ ಯಂತ್ರವೇ ಇಲ್ಲ. ಬಹುತೇಕ ಕಾರುಗಳಲ್ಲಿ ಭಾರವೆಲ್ಲ ನೆಲದಡಿಯ ಬ್ಯಾಟರಿಯಲ್ಲಿರುತ್ತದೆ. ಆಟೋರಿಕ್ಷಾದ ವಿಷಯದಲ್ಲಿ ಹೇಳತಕ್ಕದ್ದು ಏನೂ ಇಲ್ಲ, ಅದು ಕೇವಲ ಮರೆ. ಇದಕ್ಕೆ ತದ್ವಿರುದ್ಧವಾಗಿ, ಮರಳು ತುಂಬಿದ ಲಾರಿಯಾಗಲಿ ತುಂಬಿದ ನೀರಿನ ಟ್ಯಾಂಕರಾಗಲಿ ಯಾವ ಕಾರಿಗಿಂತಲೂ ಮೇಲಾದ ತಡೆ. ಕರ್ತವ್ಯದ ಮೇಲಿರುವ ಕಾವಲುಗಾರನು ತನ್ನ ಸುತ್ತಣ ವಾಹನಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿಟ್ಟುಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಇನ್ನು ವಾಹನದಿಂದ ಎಷ್ಟು ದೂರ ಎಂಬ ಪ್ರಶ್ನೆ. ಹೊಸಬನು ಸಹಜವಾಗಿಯೇ ವಾಹನಕ್ಕೆ ಮೈಯಂಟಿಸಿ ನಿಲ್ಲುತ್ತಾನೆ. ಬಾನೆಟ್ಟಿನ ಮೇಲೆ ಮೊಣಕೈಯೂರಿ ಗುರಿಯಿಡುತ್ತಾನೆ. ಇದು ಅಪಾಯಕರ. ಕೇರಂ ಹಲಗೆಯ ಅಂಚಿಗೆ ತಾಕಿದ ಕಾಯಿ ಬಂದ ಕೋನದಲ್ಲಿಯೇ ಹಿಂದಿರುಗುವುದನ್ನು ನಾವು ಬಲ್ಲೆವು. ಗುಂಡು ಹಾಗೆ ವರ್ತಿಸುವುದಿಲ್ಲ. ಬಾನೆಟ್ಟಿಗಾಗಲಿ ಗಟ್ಟಿಯಾದ ರಸ್ತೆಗಾಗಲಿ ಓರೆಯಾಗಿ ತಗುಲಿದ ಗುಂಡು ಮೇಲೆ ಚಿಮ್ಮುವುದಕ್ಕೆ ಬದಲಾಗಿ ಬಹುತೇಕ ಆ ಮೇಲ್ಮೈಯನ್ನೇ ಸವರಿಕೊಂಡು ಸಾಗುತ್ತದೆ. ಬಾನೆಟ್ಟಿನ ಮೇಲೆ ಸವರಿಬಂದ ಗುಂಡಿನ ದಾರಿಯಲ್ಲಿ ಅದರ ಮೇಲೆ ಒರಗಿದವನ ಮುಖವಿರುತ್ತದೆ. ಒಂದೆರಡು ಗಜ ಹಿಂದೆ ಸರಿದು ನಿಂತವನ ತಲೆಯ ಮೇಲಿಂದ ಅಂತಹ ಗುಂಡು ದಾಟಿಹೋಗುವ ಸಂಭವವಿದೆ. ಹಿಂದೆ ಸರಿದರೆ ಬಂದೂಕಿನ ನಳಿಕೆಯು ಮರೆಯಿಂದ ಹೊರಗೆ ಇಣುಕದು, ಅಕ್ಕಪಕ್ಕದ ನೋಟವೂ ಸ್ಪಷ್ಟವಾಗುತ್ತದೆ. ಆದರೆ ಹಿಂದೆ ಸರಿದಷ್ಟೂ ವಾಹನದ ಅಡಿಯ ತೆರಪಿನಲ್ಲಿ ಕಾಲುಗಳು ಕಾಣತೊಡಗುತ್ತವೆ ಎಂಬುದೂ ನಿಜ. ಚಕ್ರದ ನೇರವನ್ನು ಬಿಡದೆ ಹಿಂದೆ ಸರಿಯಬೇಕೆಂದು ತರಬೇತುದಾರರು ಪದೇ ಪದೇ ಎಚ್ಚರಿಸುವುದು ಇದಕ್ಕಾಗಿಯೇ.

ಈ ಅಡಿಯ ತೆರಪು ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಉತ್ತರ ಹಾಲಿವುಡ್ ಭಾಗದಲ್ಲಿ 1997ರ ಫೆಬ್ರವರಿ 28ರಂದು ನಡೆದ ಕಾಳಗವು ನಿದರ್ಶನ. ಬ್ಯಾಂಕನ್ನು ದರೋಡೆ ಮಾಡಿದ ಇಬ್ಬರು ಗುಂಡುನಿರೋಧಕ ಕವಚಗಳನ್ನು ತೊಟ್ಟು ಸ್ವಯಂಚಾಲಿತ ಬಂದೂಕುಗಳಿಂದ ಬೀದಿಯಲ್ಲಿ ಗುಂಡು ಹಾರಿಸಿದರು. ಗಸ್ತಿನ ಪೊಲೀಸರ ಕೈಯಲ್ಲಿದ್ದ ಪಿಸ್ತೂಲುಗಳು ಆ ಕವಚದ ಮುಂದೆ ನಿಷ್ಪ್ರಯೋಜಕವಾದವು; ಅವರು ಆಶ್ರಯಿಸಿದ್ದ ಕಾರುಗಳನ್ನು ದರೋಡೆಕೋರರ ಗುಂಡುಗಳು ತೂರಿಹೋದವು. ಕೊನೆಗೆ ಉಳಿದ ದರೋಡೆಕೋರನು ವಾಹನವೊಂದರ ಹಿಂದೆ ನಿಂತು ಹೋರಾಡತೊಡಗಿದಾಗ, ವಿಶೇಷ ದಳದವರು ನೆಲಮಟ್ಟಕ್ಕೆ ಬಗ್ಗಿ, ವಾಹನಗಳ ಅಡಿಯಿಂದ ಅವನ ಕಾಲುಗಳಿಗೆ ಗುಂಡಿಕ್ಕಿ ಅವನನ್ನು ಕೆಡವಿದರು. ಮೈಮೇಲೆ ಕವಚ, ಮುಂದೆ ಕಾರು, ಆದರೂ ಕಾಲಿಗೆ ರಕ್ಷಣೆಯಿರಲಿಲ್ಲ. ವಾಹನದ ಹಿಂದೆ ಉದ್ದಕ್ಕೂ ಮಲಗಿಬಿಡುವವನು ಇಡೀ ದೇಹವನ್ನೇ ಆ ತೆರಪಿಗೆ ಒಡ್ಡಿದಂತಾಗುತ್ತದೆ.

ಗುರಿಯಿಡುವವನಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ಬಂದೂಕಿನ ಗುರಿನೋಟವು ನಳಿಕೆಗಿಂತ ಮೇಲಿರುತ್ತದೆ. ಕೆಲವು ಬಂದೂಕುಗಳಲ್ಲಿ ಈ ಅಂತರವು ಎರಡು ಅಂಗುಲಕ್ಕೂ ಮಿಕ್ಕಿರುತ್ತದೆ. ಬಾನೆಟ್ಟಿನ ಅಂಚಿನ ಮೇಲಿಂದ ನೋಡುವವನ ಕಣ್ಣಿಗೆ ಎದುರಾಳಿ ಸ್ಪಷ್ಟವಾಗಿ ಕಾಣುತ್ತಿರುತ್ತಾನೆ, ಆದರೆ ನಳಿಕೆಯ ಬಾಯಿ ಇನ್ನೂ ಬಾನೆಟ್ಟಿನ ತಗಡಿಗೇ ಎದುರಾಗಿರುತ್ತದೆ. ಹಾರಿದ ಗುಂಡು ಸ್ವಂತ ವಾಹನಕ್ಕೆ ಹೊಡೆದು, ಚೂರುಗಳು ಹಾರಿಸಿದವನ ಅಥವಾ ಜೊತೆಗಾರನ ಮೈಗೇ ತಗುಲುತ್ತವೆ. ಮುಂಗಾಜಿನ ಮೂಲಕ ಹಾರಿಸುವುದೂ ಅಷ್ಟೇ ಅವಿಶ್ವಸನೀಯ. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು, ಓರೆಯಾಗಿ ಕೂರಿಸಿದ ಆ ಗಾಜು ಗುಂಡಿನ ದಾರಿಯನ್ನು ತಿರುಚುತ್ತದೆ: ಹೊರಗಿನಿಂದ ಬಂದುದು ಕೆಳಕ್ಕೂ ಒಳಗಿನಿಂದ ಹೋದುದು ಮೇಲಕ್ಕೂ ವಾಲುವುದು ಸಾಮಾನ್ಯ. ಪಕ್ಕದ ಕಿಟಕಿಯ ಗಾಜಾದರೋ ಒಂದೇ ಗುಂಡಿಗೆ ಪುಡಿಪುಡಿಯಾಗಿ ಉದುರಿಬಿಡುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಗುಂಡು ತಗುಲಿದೊಡನೆ ವಾಹನವು ಸಿಡಿಯುವ ದೃಶ್ಯ ಮಾತ್ರ ಚಿತ್ರಮಂದಿರಕ್ಕೆ ಸೀಮಿತ. ಸಾಮಾನ್ಯ ಗುಂಡಿನಿಂದ ಹಾಗಾಗುವುದು ತೀರ ವಿರಳ.

ಇಂತಹ ಶಿಕ್ಷಣವು ಪೊಲೀಸ್ ಹಾಗೂ ಅರೆಸೇನಾ ಪಡೆಗಳಿಗೆ, ಶಸ್ತ್ರಸಜ್ಜಿತ ಕಾವಲುಗಾರರಿಗೆ ಮೀಸಲಾದುದು. ಮುಂಬಯಿಯ ದಾಳಿಯ ಮರುವರ್ಷ, 2009ರಲ್ಲಿ, ರಾಷ್ಟ್ರೀಯ ಭದ್ರತಾ ದಳದ ಕೇಂದ್ರಗಳನ್ನು ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ತೆರೆಯಲಾಯಿತು. ಖಾಸಗಿ ನಾಗರಿಕನು 1959ರ ಶಸ್ತ್ರಾಸ್ತ್ರ ಅಧಿನಿಯಮದ ಮೇರೆಗೆ ಪರವಾನಗಿಯಿಲ್ಲದೆ ಬಂದೂಕನ್ನು ಹೊಂದುವಂತಿಲ್ಲ. ಆತ್ಮರಕ್ಷಣೆಯ ಹಕ್ಕನ್ನು, ಹಿಂದೆ ದಂಡ ಸಂಹಿತೆಯಲ್ಲಿದ್ದಂತೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ನೀಡುತ್ತವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಲು ಆ ಹಕ್ಕು ವಿಸ್ತರಿಸುವುದಿಲ್ಲ.

ನಿರಾಯುಧನಾದ ಪ್ರಯಾಣಿಕನಿಗೂ ಮೇಲಿನ ವಿವರಗಳಲ್ಲಿ ಬೇಕಾದುದಿದೆ. ಸಂಚಾರ ಸ್ಥಗಿತಗೊಂಡ ರಸ್ತೆಯಲ್ಲಿ ಗುಂಡಿನ ಸದ್ದು ಕೇಳಿಬಂದರೆ ಆಸನದಲ್ಲಿಯೇ ತಲೆ ತಗ್ಗಿಸಿ ಕುಳಿತಿರುವುದು ಸಾಲದು. ಸದ್ದಿನ ದಿಕ್ಕಿಗೆ ವಿರುದ್ಧವಾದ ಬದಿಯಿಂದ ಇಳಿದು, ಮಕ್ಕಳನ್ನು ಮುಂದಿನ ಚಕ್ರದ ಮರೆಗೆ ಎಳೆದುಕೊಂಡು, ಅಲ್ಲಿಂದ ಅವಕಾಶ ದೊರೆತೊಡನೆ ಗಟ್ಟಿ ಗೋಡೆಯ ಕಟ್ಟಡವನ್ನೋ ಸೇತುವೆಯ ಕಂಬವನ್ನೋ ಸೇರಬೇಕು. ವಾಹನವು ತಂಗುದಾಣವಷ್ಟೇ. ಸುರಕ್ಷಿತವಾದ ಸ್ಥಳವನ್ನು ತಲುಪಿದ ಮೇಲೆ 112ಕ್ಕೆ ಕರೆಮಾಡಿ, ಕಂಡ ಸ್ಥಳ, ದಿಕ್ಕು, ವ್ಯಕ್ತಿಗಳ ಸಂಖ್ಯೆಯನ್ನು ತಿಳಿಸಬೇಕು. ಪೊಲೀಸರು ಬಂದಾಗ ಅವರತ್ತ ಓಡಬಾರದು. ಅವರಿಗೆ ನೀವು ಯಾರೆಂಬುದು ತಿಳಿದಿರುವುದಿಲ್ಲ. ಕೈಯಲ್ಲಿ ಮೊಬೈಲನ್ನೂ ಹಿಡಿಯದೆ, ಬರಿಗೈಗಳು ಕಾಣುವಂತೆ ಮೇಲೆತ್ತಿ, ಅವರು ಹೇಳುವವರೆಗೆ ನಿಂತಲ್ಲಿಯೇ ಇರತಕ್ಕದ್ದು.